ಟೇಪು ಸುತ್ತಿದ್ದ ಕೆಂಪು ದೀಪ

ಕಳೆದ ವರ್ಷದ ದಸರಾ ರಜೆಯ ಮಾತು. ಕಾರಿನ ಸ್ಟೇರಿಂಗಿಗೆ ಹಚ್ಚಿದ ಕುಂಕುಮವನ್ನು ಇನ್ನೂ ಪೂರ್ತಿ ಒರೆಸಿರಲಿಲ್ಲ, ಅಂದರೆ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆ, ಆಗಿ ಎರಡು ಮೂರು ದಿನವಾಗಿರಬೇಕು. ತಾರೀಖು ಹೇಳಲಾರೆ. ನಾನು ದಿನಚರಿ ಬರೆಯುವವಳು, ಆದರೆ ಆವತ್ತು ಬರೆದದ್ದು ಒಂದೇ ಸಾಲು: ‘ಸಿಟ್ಟು ಬಂದಿದೆ, ನಾಳೆ ಬರೆಯುತ್ತೇನೆ.’ ಮರುದಿನ ಬರೆಯಲಿಲ್ಲ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಸಿಟ್ಟಿನಲ್ಲಿ ಬಂದು ಸೇರಿಕೊಂಡದ್ದು ಯಾವುದು ಎಂದು ಆಗಾಗ ನಿಂತು ನೋಡಿಕೊಳ್ಳಬೇಕಾಗಿದೆ.

ನಾವಿರುವುದು ನವಲಗುಂದದಲ್ಲಿ. ನಾನು ಅಣ್ಣಿಗೇರಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಗಳು ಸಿರಿ ಅದೇ ಊರಿನಲ್ಲಿ ಎರಡನೇ ತರಗತಿ. ಇಬ್ಬರೂ ದಿನಾ ಬಸ್ಸಿಗೆ ಕಾಯುವುದು ಸಾಕಾಗಿ ನಾನು ಡ್ರೈವಿಂಗ್ ಕಲಿತೆ, ಶ್ರಾವಣದಲ್ಲಿ ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡೆವು. ಕೊಟ್ಟವರು ನನ್ನ ಗಂಡ ಗಿರೀಶನ ಸ್ವಂತ ಕಾಕಾ, ಅಂದರೆ ಚಿಕ್ಕಪ್ಪ. ಅಣ್ಣಿಗೇರಿಯಲ್ಲಿ ಅವರದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಯಾರ ಮನೆಯಲ್ಲಿ ಜಗಳವಾದರೂ ಬಿಡಿಸಲು ಅವರನ್ನೇ ಕರೆಯುತ್ತಾರೆ.

“ಮನಿ ಗಾಡಿ ಮನ್ಯಾಗ ಇರ್ಲಿ. ಹೊರಗಿನವ್ರಿಗೆ ಯಾಕ ಕೊಡೂದು?” ಅಂದಿದ್ದರು ಕಾಕಾ.

ನಮ್ಮ ಕಡೆ ಸ್ವಂತದವರಿಂದ ತೆಗೆದುಕೊಂಡ ಗಾಡಿಯನ್ನು ಯಾರೂ ಮೊದಲೇ ಮೆಕ್ಯಾನಿಕ್‌ಗೆ ತೋರಿಸುವುದಿಲ್ಲ. ತೋರಿಸಿದರೆ ಕೊಡುವವರ ಮುಖಕ್ಕೆ ಹೊಡೆದ ಹಾಗೆ. “ಒಮ್ಮೆ ತೋರಸೂಣೇನ?” ಎಂದು ನಾನು ಕೇಳಿದ್ದೆ. ಕೇಳಿದ್ದೆನೋ, ಕೇಳಬೇಕು ಅಂದುಕೊಂಡಿದ್ದೆನೋ. ಗಿರೀಶ ಮಾತ್ರ, “ಹುಚ್ಚಿ ಏನ ನೀ? ಕಾಕಾನ ಗಾಡಿ ಅದು” ಎಂದು ನಕ್ಕಿದ್ದು ನೆನಪಿದೆ. ಅಂದಮೇಲೆ ಕೇಳಿಯೇ ಇರಬೇಕು.

ಗಾಡಿ ತರುವ ದಿನ ಕಾಕಾ ಅವರ ಹೆಂಡತಿ, ಕಾಕು, ಅದಕ್ಕೆ ಉಡಿ ತುಂಬಿದರು. ಗಾಡಿಗೆ ಉಡಿ ತುಂಬಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಕುಪ್ಪಸದ ಹಸಿರು ಖಣದಲ್ಲಿ ಅಕ್ಕಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು ಕಟ್ಟಿ, ಗಂಟನ್ನು ಸ್ಟೇರಿಂಗಿಗೆ ಬಿಗಿದು, “ಮಗಳನ್ನ ಕೊಟ್ಟು ಕಳಿಸಿದಂಗ ಆತವಾ” ಎಂದು ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ಕಾಕಾ, “ಎಣ್ಣಿ ಗಿಣ್ಣಿ ಎಲ್ಲಾ ಬದಲಿ ಮಾಡ್ಸೇನಿ. ಆರು ತಿಂಗಳು ಬಾನೆಟ್ ಎತ್ತೂದ ಬ್ಯಾಡ” ಅಂದರು. ಇದು ಚೆನ್ನಾಗಿ ನೆನಪಿದೆ.

ಗಾಡಿ ಚೆನ್ನಾಗಿಯೇ ಓಡಿತು. ಒಂದೇ ಕೊರತೆ ಎಂದರೆ, ಸಂಜೆಯಾದರೆ ಮೀಟರ್ ಕಾಣುತ್ತಿರಲಿಲ್ಲ. ಒಳಗಿನ ಬಲ್ಬುಗಳು ಮಬ್ಬಾಗಿ, ಎಡಗಡೆ ಅರ್ಧ ಕತ್ತಲೆ. ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಬಲ್ಬು ತೆಗೆದು ಎಲ್‌ಇಡಿ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ವಿಡಿಯೊಗಳಲ್ಲಿ ನೋಡಿ ತಿಳಿದುಕೊಂಡೆ. ಆ ಅಳತೆಯ ಪುಟ್ಟ ಎಲ್‌ಇಡಿಗಳನ್ನು ಆನ್‌ಲೈನಿನಲ್ಲಿ ತರಿಸಿ ರಜೆಗಾಗಿ ಕಾದೆ.

ಆ ಮಧ್ಯಾಹ್ನ ಅಂಗಳದ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ ಬ್ಯಾಟರಿಯ ವೈರು ತೆಗೆದೆ. ಕಾಕಾ ಬೇಡವೆಂದಿದ್ದರೂ ಅಂದು ಮೊದಲ ಬಾರಿಗೆ ಎತ್ತಿದ್ದು. ವೈರು ತೆಗೆದು ಮುಚ್ಚಿಬಿಟ್ಟೆ, ಬೇರೇನೂ ನೋಡಲಿಲ್ಲ. ಮೀಟರಿನ ಸುತ್ತಲ ಕವಚದ ಸ್ಕ್ರೂ ಬಿಚ್ಚಿ, ಮೀಟರನ್ನು ಮೆಲ್ಲಗೆ ಮುಂದಕ್ಕೆ ಎಳೆದು, ಹಿಂದಿನ ಪ್ಲಗ್ಗುಗಳನ್ನು ಕಳಚಿ ಕಟ್ಟೆಯ ಮೇಲೆ ತಂದಿಟ್ಟುಕೊಂಡೆ. ಗಿರೀಶ ಬಾಗಿಲಲ್ಲಿ ನಿಂತು, “ಮತ್ತ ಹೊಂದಸಾಕ ಬರತೈತೊ, ಇಲ್ಲಾ ಗಾಡಿ ದಬ್ಬಕೊಂತ ಅಣ್ಣಿಗೇರಿಗೆ ಹೋಗ್ತೀಯೊ?” ಅಂದ. ಅವನಿಗೆ ಕಾರು ಓಡಿಸಲು ಬರುವುದಿಲ್ಲ.

“ನೀ ಚಾ ಮಾಡ್ಕೊಂಡ ಬಾ, ಸಾಕು” ಅಂದೆ.

ಮೀಟರಿನ ಬೆನ್ನಿಗೆ ಪುಟ್ಟ ಪುಟ್ಟ ಹೋಲ್ಡರುಗಳಿರುತ್ತವೆ. ಕಾಲು ಸುತ್ತು ತಿರುಗಿಸಿದರೆ ಬಲ್ಬು ಸಮೇತ ಹೊರಗೆ ಬರುತ್ತವೆ. ಒಂದೊಂದೇ ತೆಗೆದು ಎಲ್‌ಇಡಿ ಹಾಕುತ್ತಾ ಬಂದೆ. ಹೀಗೆ ತೆಗೆದ ಒಂದರಲ್ಲಿ ಬಲ್ಬೇ ಕಾಣಲಿಲ್ಲ. ಅದಕ್ಕೆ ಕಪ್ಪು ಟೇಪು ಸುತ್ತಿತ್ತು. ಸುಮ್ಮನೆ ಅಂಟಿಸಿದ್ದಲ್ಲ. ಚೂರೂ ಬೆಳಕು ಹೊರಬೀಳದ ಹಾಗೆ ಸುತ್ತಿ, ಅಂಚನ್ನು ನೀಟಾಗಿ ಕತ್ತರಿಸಿದ್ದರು. ಮೀಟರನ್ನು ತಿರುವಿ, ಆ ಜಾಗದ ಮುಂದೆ ಏನಿದೆ ಎಂದು ನೋಡಿದೆ. ವೃತ್ತದೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಬ್ರೇಕಿನ ದೀಪ.

ಹ್ಯಾಂಡ್‌ಬ್ರೇಕ್ ಎಳೆದಾಗ ಅಲ್ಲೊಂದು ಕೆಂಪು ದೀಪ ಹೊತ್ತಿಕೊಳ್ಳಬೇಕು, ಇಳಿಸಿದಾಗ ಆರಬೇಕು ಎಂಬುದು ನನಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ನಾನು ಕಲಿತ ಗಾಡಿಯಲ್ಲಿ ಯಾರೂ ಅದನ್ನು ತೋರಿಸಿರಲಿಲ್ಲ, ಈ ಗಾಡಿಯಲ್ಲಿ ಅದು ಹೊತ್ತಿಕೊಂಡದ್ದೇ ಇಲ್ಲ.

ಅಲ್ಲಿಗೂ ಎಲ್‌ಇಡಿ ಹಾಕಿ, ಎಲ್ಲ ಜೋಡಿಸಿ, ಬ್ಯಾಟರಿಯ ವೈರು ಹಾಕಿ ಕೀಲಿ ತಿರುಗಿಸಿದೆ. ಅಂಕಿಗಳೆಲ್ಲ ಬೆಳ್ಳಗೆ ಎದ್ದು ಕಂಡವು. ಆ ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ದೀಪ ಆರಲಿಲ್ಲ. ನಾನೇ ಎಲ್‌ಇಡಿಯನ್ನು ತಿರುವುಮುರುವಾಗಿ ಹಾಕಿರಬೇಕು ಅಂದುಕೊಂಡೆ. ಆದರೆ ತಿರುವುಮುರುವಾದರೆ ಅದು ಹೊತ್ತುವುದೇ ಇಲ್ಲ. ಆದರೂ ಮತ್ತೆ ಮೀಟರ್ ಬಿಚ್ಚಿ, ಗಾಡಿಯಿಂದ ತೆಗೆದಿದ್ದ ಹಳೆಯ ಬಲ್ಬೊಂದನ್ನು ಹಾಕಿ ನೋಡಿದೆ. ಅದೂ ಹಾಗೇ ಉರಿಯಿತು. ಬ್ರೇಕ್ ಆಯಿಲ್ ಕಡಿಮೆಯಾದರೂ ಇದೇ ದೀಪ ಹೊತ್ತುತ್ತದೆ ಎಂದು ಫೋನಿನಲ್ಲಿ ಓದಿ, ಕೊನೆಗೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನು ನೋಡಿದೆ. ಇರಲೇಬೇಕಾದ ಕೆಳಗಿನ ಗೆರೆಗಿಂತಲೂ ಎಣ್ಣೆ ಎಷ್ಟೋ ಕೆಳಗಿತ್ತು.

ಎರಡು ತಿಂಗಳು ಆ ಗಾಡಿಯ ಹಿಂದಿನ ಸೀಟಿನಲ್ಲಿ ಸಿರಿ ಪಾಠ ಒಪ್ಪಿಸುತ್ತಾ ಕೂತಿದ್ದಳು. ಬ್ರೇಕು ಮೆತ್ತಗಾಗಿದೆ ಎಂದು ನನಗೆ ಅನಿಸಿತ್ತೇ? ಈಗ ಅನಿಸಿತ್ತು ಎಂದೇ ತೋರುತ್ತದೆ. ಆಗ ಅನಿಸಿದ್ದರೆ ಮಗುವನ್ನು ಕೂರಿಸಿಕೊಂಡು ಹೋಗುತ್ತಿದ್ದೆನೇ?

ಮರುದಿನ ಗ್ಯಾರೇಜಿನವರು ಬಂದು ಗಾಡಿಯನ್ನು ಎಳೆದುಕೊಂಡು ಹೋದರು. ಹಿಂದಿನ ಗಾಲಿಯ ಹತ್ತಿರ ಎಣ್ಣೆ ಸೋರುತ್ತಿತ್ತು, ಬಹಳ ದಿನದಿಂದ. ಗಿರೀಶ, “ಕಾಕಾಗ ಫೋನ್ ಮಾಡಿ ಹೇಳೂಣು ಬಿಡು. ಹಿರ್ಯಾರು, ಎದುರಿಗೆ ಹೋಗಿ ಕೇಳೂದು ಚಂದ ಅನಸೂದಿಲ್ಲ” ಅಂದ. ನಾನು ಉಡಿ ತುಂಬಿದ ಆ ಹಸಿರು ಖಣದಲ್ಲೇ ಟೇಪು ಸುತ್ತಿದ ಬಲ್ಬನ್ನು ಕಟ್ಟಿಕೊಂಡು ಅಣ್ಣಿಗೇರಿಯ ಬಸ್ಸು ಹತ್ತಿದೆ. ಅವನೂ ಹಿಂದೆ ಬಂದ.

“ಬರ್ರಿ ಬರ್ರಿ. ಗಾಡಿ ಎಲ್ಲಿ?” ಅಂದರು ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದ ಕಾಕಾ.

“ಗ್ಯಾರೇಜಿನ್ಯಾಗ ಐತ್ರಿ” ಎಂದು ಗಂಟನ್ನು ಅವರ ಮುಂದಿಟ್ಟೆ. ತಮ್ಮ ಖಣದ ಗುರುತು ಹಿಡಿದ ಕಾಕು ತಾವೇ ಬಂದು ಬಿಚ್ಚಿದರು. ಕಪ್ಪಗೆ ಕಡಲೆಕಾಳಿನಷ್ಟು ದಪ್ಪದ ಬಲ್ಬು ಅವರ ಅಂಗೈಯಲ್ಲಿ ಉಳಿಯಿತು. ಅದು ಎಲ್ಲಿ ಸಿಕ್ಕಿತು ಎಂದು ಹೇಳಿದೆ.

ಕಾಕಾ ಗಾಬರಿಯಾಗಲಿಲ್ಲ. ನಕ್ಕರು. “ಇಷ್ಟಕ್ಕ ಬಸ್ ಹತ್ತಿ ಬಂದಿಯೇನ? ವೈರಿಂದು ದೋಷ ಅದು, ಸುಮ್ನ ಹತ್ಕೊಂಡ ಇರ್ತಿತ್ತು. ನೀ ಹೊಸದಾಗಿ ಗಾಡಿ ಕಲ್ತಾಕಿ, ಕೆಂಪು ದೀಪ ಕಂಡು ಅಂಜಬಾರದು ಅಂತ ಮುಚ್ಚಿಸಿದ್ದೆ.”

“ವೈರಿಂದಲ್ರಿ ಕಾಕಾ. ಬ್ರೇಕ್ ಆಯಿಲ್ ಸೋರಾಕತ್ತೈತಿ.”

“ನೀ ಬಿಚ್ಚಿದಾಗ ಏನರ ಆಗಿರಬೇಕು. ಇವತ್ತ ಮೀಟರ್ ಬಿಚ್ಚೀದಿ, ನಾಳೆ ಎಂಜಿನ್ ಬಿಚ್ಚಿ ಅಂಗಳದಾಗ ರಂಗೋಲಿ ಹಾಕ್ತೀ.”

“ಮೀಟರಿನ್ಯಾಗ ಎಣ್ಣಿ ಇರೂದಿಲ್ರಿ.”

ಆಗ ಅವರ ದನಿ ಬದಲಾಯಿತು. “ಗಾಡಿ ಕೊಡೂ ಮುಂದ ನಾ ಹೇಳಿರಲಿಲ್ಲೇನು, ಬ್ರೇಕ್ ಒಮ್ಮೆ ತೋರಸ್ರಿ ಅಂತ? ಕೇಳು ನಿನ್ನ ಗಂಡನ್ನ.”

ಗಿರೀಶ ಕುತ್ತಿಗೆ ತುರಿಸಿಕೊಂಡು, “ಹೇಳಿದ್ರೇನೊ ಕಾಕಾ…” ಅಂದ.

ಇಂದಿಗೂ ನನ್ನನ್ನು ಕೆರಳಿಸುವುದು ಈ ಕ್ಷಣ. ಯಾಕೆಂದರೆ ಅವರು ಹಾಗೆ ಅಂದ ಕೂಡಲೇ ನನಗೂ ಅವರು ಹೇಳಿದ್ದರು ಎಂದು ಕೇಳಿಸತೊಡಗಿತು. ಗಾಡಿಯ ಪಕ್ಕ ನಿಂತು, ಅದೇ ದನಿಯಲ್ಲಿ, ‘ಬ್ರೇಕ್ ಒಮ್ಮೆ ತೋರಸ್ರಿ.’ ನನ್ನ ನೆನಪನ್ನು ನಾನು ನಂಬುವವಳಲ್ಲ. ಅದು ಅವರಿಗೂ ಗೊತ್ತಿತ್ತೋ ಏನೋ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವರ ಕ್ಷಮೆ ಕೇಳಿ ಎದ್ದು ಬರುತ್ತಿದ್ದೆ. ಅಷ್ಟರಲ್ಲಿ ಕಾಕುವಿನ ಕೈಯಲ್ಲಿದ್ದ ಬಲ್ಬು ಕಣ್ಣಿಗೆ ಬಿತ್ತು. ಯಾರು ಏನು ಹೇಳಿದರು ಎಂದು ನೆನಪಿಟ್ಟುಕೊಳ್ಳುವ ಕಷ್ಟ ಅದಕ್ಕಿರಲಿಲ್ಲ.

“ಹೇಳಿದ್ರಿ ಅಂತನ ಇಟ್ಕೊಳ್ರಿ” ಅಂದೆ. “ಬಾಯಲೆ ಹೇಳಿದಾವ್ರು ಟೇಪ್ ಯಾಕ ಸುತ್ತಿಸಿದ್ರಿ? ನನ್ನ ಮಗಳು ಕುಂತಿದ್ಲರಿ ಅದರಾಗ.”

ಕಾಕು ಗಂಡನತ್ತ ತಿರುಗಿದರು. “ಈ ಕೆಂಪು ದೀಪ ನನಗ ದಿನಾ ಕಾಣ್ತಿತ್ತು. ಒಂದಿನ ಕಾಣಲಿಲ್ಲ. ಏನಾತ್ರಿ ಅಂತ ಕೇಳಿದ್ರ, ರಿಪೇರಿ ಮಾಡ್ಸೇನಿ ಅಂದ್ರಿ. ಅದನ್ನ ನಂಬಿ ನಾ ಉಡಿ ತುಂಬೇನಿ.”

“ನೀ ಒಳಗ ನಡಿ” ಅಂದರು ಕಾಕಾ.

ಕಾಕು ಹೋಗಲಿಲ್ಲ. ಬಲ್ಬನ್ನು ಕಾಕಾ ಅವರ ಚಹಾ ಕಪ್ಪಿನ ಕೆಳಗಿನ ಬಸಿಯಲ್ಲಿಟ್ಟು, ಖಣವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಗಿರೀಶ, “ಹೇಳಿರಲಿಲ್ಲ ಅಂವ. ನಾ ಅನ್ನಬಾರದಿತ್ತು” ಅಂದ. ಆ ಮಾತು ನನಗೆ ಅಲ್ಲಿಯೇ ಬೇಕಾಗಿತ್ತು.

ಕಾಕಾ ಇವತ್ತಿಗೂ ತಪ್ಪಾಯಿತು ಅಂದಿಲ್ಲ. ಬಂಧುಗಳಲ್ಲಿ ನನಗೆ ‘ಮೀಟರ್ ಬಿಚ್ಚಿದಾಕಿ’ ಎಂದು ಹೆಸರಾಗಿದೆ. ಸಣ್ಣ ದೀಪಕ್ಕಾಗಿ ಸಂಬಂಧ ಕೆಡಿಸಿದೆ ಅನ್ನುತ್ತಾರೆ. ದೀಪ ಸಣ್ಣದೇ. ಅದನ್ನು ಮುಚ್ಚಿದವರನ್ನು ಯಾರೂ ಏನೂ ಅನ್ನುವುದಿಲ್ಲ, ಬಿಚ್ಚಿ ನೋಡಿದವಳನ್ನೇ ಅನ್ನುತ್ತಾರೆ. ಕಾಲ ಕಳೆದರೆ ಸಿಟ್ಟು ಇಳಿಯುತ್ತದೆ ಎಂದು ಕಾದೆ. ಇಳಿದಿಲ್ಲ. ಇಳಿಸಿಕೊಳ್ಳಬೇಕು ಎಂದೂ ಈಗ ಅನಿಸುವುದಿಲ್ಲ.

ಹೋದ ತಿಂಗಳು ಕಾಕು ನಮ್ಮ ಮನೆಗೆ ಬಂದಿದ್ದರು. ವಾಪಸ್ ಬಿಟ್ಟು ಬರಲು ರಿಪೇರಿಯಾದ ಅದೇ ಗಾಡಿ ತೆಗೆದೆ. ಅವರು ಬಾಗಿಲು ಹಿಡಿದುಕೊಂಡು ಹೊರಗೇ ನಿಂತರು.

“ಮೊದಲ ಕೀಲಿ ತಿರವು. ಕೆಂಪಂದು ಹತ್ತತೈತೇನ?”

“ಹತ್ತೇತ್ರಿ.”

“ಈಗ ಹ್ಯಾಂಡ್‌ಬ್ರೇಕ್ ಇಳಸು.”

ಇಳಿಸಿದೆ. ದೀಪ ಆರಿತು. ಅದನ್ನು ತಾವೇ ಬಗ್ಗಿ ನೋಡಿದ ಮೇಲೆಯೇ ಕಾಕು ಸೆರಗು ಎತ್ತಿಕೊಂಡು ಒಳಗೆ ಕೂತರು.

“ಹಂ, ನಡಿ. ಈಗ ಹೋಗೂಣು.”