ಅತ್ತೆಮನೆಯ ನಲ್ಲಿ ಬಿಚ್ಚಿದ್ದು

ಗೆಳತಿಯರೇ, ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಎರಡನೇ ತಿಂಗಳಿಗೇ ನಾನು ಅತ್ತೆಮನೆಯ ನಲ್ಲಿ ಬಿಚ್ಚಿದೆ. ನಾನು ಪೈಪ್ ಫಿಟ್ಟರ್ ಮಗಳೆಂಬ ಅಸಮಾಧಾನಕ್ಕೆ ಅತ್ತೆ ಇನ್ನೂ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಬಿಸಿನೀರು, ತಣ್ಣೀರು ಎರಡೂ ಬರುವ ಮಿಕ್ಸರ್ ನಲ್ಲಿ ಎಂದರೆ ಮಾವನವರಿಗೆ ಹೆಮ್ಮೆ. ಅದು ವಾರದಿಂದ ತೊಟ್ಟಿಕ್ಕುತ್ತಿತ್ತು. ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಟ್ಯಾಂಕ್ ಬರಿದಾಗುತ್ತಿತ್ತು. ಪ್ಲಂಬರ್ ನೋಡಿ, "ಪೂರ್ತಿ ನಲ್ಲಿನೇ ಬದಲಾಯಿಸ್ಬೇಕು ಸಾರ್" ಎಂದು ಹೇಳಿ ಹೋದ.

"ವಾಷರ್ ಸವೆದಿರುತ್ತೆ ಅಷ್ಟೇ" ಎಂದೆ ನಾನು. ಮಾವ ನಕ್ಕರು.

ವಾಲ್ವ್ ಮುಚ್ಚಿ, ತಣ್ಣೀರಿನ ಕಡೆಯ ಹಿಡಿ ಬಿಚ್ಚಿ, ಹಿಡಿಯೊಡನೆ ತಿರುಗುವ ಒಳಗಿನ ಕಡ್ಡಿ, ಅಂದರೆ ಸ್ಪಿಂಡಲ್, ತೆಗೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಯಜಮಾನ್ರನ್ನ ಕಳ್ಸಮ್ಮ" ಎಂದ ಅಂಗಡಿಯವನು.

"ಅವ್ರಿಗೆ ಇದ್ರ ಹೆಸರೂ ಗೊತ್ತಿಲ್ಲಣ್ಣ. ಇದಕ್ಕೆ ಕೂರೋ ವಾಷರ್ ಕೊಡಿ" ಎಂದು ಸ್ಪಿಂಡಲನ್ನು ಅವನ ಮುಂದಿಟ್ಟೆ.

ಹೊಸ ವಾಷರ್ ಕೂರಿಸಿ, ನಲ್ಲಿ ಮುಚ್ಚಿಟ್ಟು ವಾಲ್ವ್ ತೆರೆದಾಗ ಮನೆಯವರೆಲ್ಲ ಸಿಂಕ್ ಸುತ್ತ ನಿಂತಿದ್ದರು. ಒಂದು ಹನಿಯೂ ಬೀಳಲಿಲ್ಲ. ಅತ್ತೆ ನಲ್ಲಿಯ ಬಾಯಿಗೆ ಬೆರಳಿಟ್ಟು, ಒದ್ದೆಯಾಗದ ಬೆರಳನ್ನು ಮಾವನವರಿಗೆ ತೋರಿಸಿದರು. ಆಮೇಲೆ ನನ್ನ ಮುಖ ನೋಡಿ, "ಕೈ ತೊಳ್ಕೊಳ್ಳೇ, ಕಾಫಿ ಕೊಡ್ತೀನಿ" ಎಂದರು. ನನಗೆ ಕಣ್ಣು ತುಂಬಿ ಬಂತು.

ಲೋಟ ಖಾಲಿಯಾಗುವ ಮೊದಲೇ ಕಾಂಪೌಂಡ್ ಹತ್ತಿರ ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದ ಅತ್ತೆಯ ದನಿ ಕೇಳಿಸಿತು: "ಪ್ಲಂಬರ್‌ನ ಯಾಕ್ರೀ ಕಾಯ್ತೀರ? ನಮ್ಮ ಸೊಸೆನ ಕರ್ಕೊಂಡು ಬರ್ತೀನಿ."

ಆ ವಾರ ನಮ್ಮ ರಸ್ತೆಯ ನಾಲ್ಕು ನಲ್ಲಿಗಳು ರಿಪೇರಿಯಾದವು. ಅತ್ತೆ ಸ್ಪ್ಯಾನರ್ ಹಿಡಿದು ಜೊತೆಗೇ ಬಂದು, ಪ್ರತಿ ಮನೆಯಲ್ಲೂ ನನಗೆ ಪ್ಲಂಬಿಂಗ್ ಹೇಳಿಕೊಟ್ಟರು.