ಉತ್ತರದ ಗೋಡೆಯ ಮುಂದೆ ನಾನು ಹೇಳುತ್ತಿದ್ದ ಸುಳ್ಳು

ಛತ್ರದ ಉತ್ತರದ ಗೋಡೆಯನ್ನು ಕೆಡಿಸಿದವನು ನಾನು. ಗಾರೆ ಕೆಲಸದ ದುರುಗಪ್ಪನವರಲ್ಲ. ಆರು ವರ್ಷಗಳಿಂದ ಪ್ರತಿ ಭಾನುವಾರ ಆ ಗೋಡೆಯ ಮುಂದೆ ನಿಂತು, "ಕೆಲಸ ಗೊತ್ತಿಲ್ಲದ ಕೈ ಮಾಡಿದ ಅನಾಹುತ" ಎಂದು ನಿಮಗೆಲ್ಲ ಹೇಳುತ್ತ ಬಂದೆನಲ್ಲ — ಅದು ಸುಳ್ಳು. ಹೇಳುವಾಗಲೂ ಸುಳ್ಳೆಂದು ನನಗೆ ಗೊತ್ತಿತ್ತು.

ಹರಪನಹಳ್ಳಿಯ ಹಳೆಪೇಟೆಯ ಕಟ್ಟಡಗಳನ್ನು ತೋರಿಸುವ ನಮ್ಮ ಭಾನುವಾರದ ನಡಿಗೆಗೆ ಬಂದವರಿಗೆ ನನ್ನ ಪರಿಚಯ ಬೇಕಿಲ್ಲ. ಬಾರದವರಿಗೆ ಹೇಳುತ್ತೇನೆ: ನಾನು ನಿವೃತ್ತ ಡ್ರಿಲ್ ಮಾಸ್ತರ. ಬೆಳಿಗ್ಗೆ ಏಳು ಎಂದರೆ ಏಳೇ. ತಡವಾಗಿ ಬಂದವರು ಸಾಲಿನ ಕೊನೆಯಲ್ಲಿ ನಡೆಯಬೇಕು. ಎರಡು ಗಂಟೆ ನಡಿಗೆ, ಆಮೇಲೆ ಛತ್ರದ ಪಡಸಾಲೆಯಲ್ಲಿ ಒಂದು ಗಂಟೆ ಪಾಠ — ಸುಣ್ಣ ಅರಳಿಸುವುದು ಹೇಗೆ, ಮಣ್ಣಿನ ಮಾಳಿಗೆಯ ಸೋರಿಕೆ ನಿಲ್ಲಿಸುವುದು ಹೇಗೆ, ಹಳೆಯ ಬಾಗಿಲಿಗೆ ಪೇಂಟ್ ಬಳಿಯದೆ ಎಣ್ಣೆ ಕುಡಿಸುವುದು ಹೇಗೆ. ಈ ಪಾಠದ ಬಗ್ಗೆ ನನಗೆ ಹೆಮ್ಮೆಯಿದೆ, ಈಗಲೂ ಇದೆ. ಕೊಟ್ಟೂರಿನಿಂದ ಬರುತ್ತಿದ್ದ ಮೆಡಿಕಲ್ ಅಂಗಡಿಯವರೊಬ್ಬರು ಕೆಡವಲು ಹೊರಟಿದ್ದ ಮನೆಯ ಕಂಬಸಾಲನ್ನು ಹಾಗೇ ಉಳಿಸಿಕೊಂಡರು. ಹಡಗಲಿಯ ಶಿಕ್ಷಕಿಯರಿಬ್ಬರು ತಮ್ಮ ಶಾಲೆಯ ಮಕ್ಕಳನ್ನು ಕೋಗಳಿಯ ಬಸದಿಗೆ ಕರೆದೊಯ್ದು ನನಗಿಂತ ಚೆನ್ನಾಗಿ ವಿವರಿಸಿದರು. ಇಂಥ ಮಾತು ಕೇಳಿದ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ.

ಆದರೆ ಆ ಪಾಠ ನನ್ನದಲ್ಲ —

ಹನ್ನೆರಡು ವರ್ಷದ ಹಿಂದೆ ಈ ಛತ್ರವನ್ನು ದುರಸ್ತಿ ಮಾಡಿ ವಾಚನಾಲಯ ಮಾಡಬೇಕೆಂದು ಊರಿನವರು ಸಮಿತಿ ಮಾಡಿಕೊಂಡೆವು. ನಾನು ಕಾರ್ಯದರ್ಶಿ. ಕೆಲಸಕ್ಕೆ ದುರುಗಪ್ಪನವರನ್ನು ಕರೆಸಿದೆವು. ಅವರು ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಬಿಟ್ಟು, ಮರಳು ಕೂಡಿಸಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕಿ ರುಬ್ಬಿಸುತ್ತಿದ್ದರು. ನಾನು ದಿನಾ ಬೆಳಿಗ್ಗೆ ಆರಕ್ಕೆ ಹೋಗಿ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ, ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನೀವು ಕಲಿತಿದ್ದೆಲ್ಲ ಆ ನೋಟ್‌ಬುಕ್ಕು. ಒಮ್ಮೆಯೂ ಅವರ ಹೆಸರು ಹೇಳಲಿಲ್ಲ.

ಮೂರು ಗೋಡೆ ಮುಗಿದವು. ಉತ್ತರದ ಗೋಡೆಗೆ ಗಾರೆಯ ಒಳಪದರ ಮಾತ್ರ ಆಗಿತ್ತು. ಉದ್ಘಾಟನೆಗೆ ಹತ್ತು ದಿನ ಉಳಿದಿತ್ತು. ಜೀವನದಲ್ಲಿ ಒಂದು ದಿನಾಂಕವನ್ನೂ ನಾನು ಮುಂದೂಡಿದವನಲ್ಲ.

"ಒಳಗಿಂದು ಇನ್ನಾ ಹಸಿ ಐತ್ರಿ ಮಾಸ್ತರ," ಎಂದರು ದುರುಗಪ್ಪನವರು. "ಒಂದ್ ತಿಂಗಳು ಬಿಡ್ರಿ. ಗಾರಿ ತನ್ನ ಟೈಮಿಗೆ ಒಣಗತೈತಿ, ನೀವು ಊದೋ ಸೀಟಿಗಲ್ಲ."

ಸುತ್ತಲಿದ್ದ ಆಳುಗಳು ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

"ಕಾರ್ಡ್ ಅಚ್ಚಾಗ್ಯಾವು. ಮ್ಯಾಲೆ ಸಿಮೆಂಟ್ ಬಡದು ಮುಗಸು," ಎಂದೆ.

"ಸಿಮೆಂಟ್ ಬಡದ್ರ ಗ್ವಾಡಿಗೆ ಉಸಿರು ಕಟ್ಟತೈತ್ರಿ. ನೀರು ಒಳಗ ನಿಂತು ಇಟ್ಟಂಗಿ ತಿಂತೈತಿ."

"ನಾ ಹೇಳಿದಷ್ಟು ಮಾಡು."

ಅವರು ಕರಣೆಗೆ ಮೆತ್ತಿದ್ದ ಗಾರೆಯನ್ನು ತೊಳೆದು, ಒರೆಸಿ, ನಾನು ಹೇಳಿದಷ್ಟು ಮಾಡಿದರು. ಉದ್ಘಾಟನೆ ನಿಗದಿಯಾದ ಗಳಿಗೆಗೇ ಆಯಿತು. ನನ್ನ ಶಿಸ್ತನ್ನು ವೇದಿಕೆಯ ಮೇಲೆ ಹೊಗಳಿದರು.

ಎರಡನೆಯ ಮಳೆಗಾಲಕ್ಕೆ ಗೋಡೆ ಉಬ್ಬಿತು. ಒಂದು ಬೆಳಿಗ್ಗೆ ಅದರ ಅರ್ಧ ಭಾಗ ಕುಸಿದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದ ಇಟ್ಟಿಗೆಗಳ ಸುತ್ತ ಸಮಿತಿ ಸೇರಿತು. ದುರುಗಪ್ಪನವರನ್ನೂ ಕರೆಸಿದ್ದರು. "ಯಾಕ್ ಹಿಂಗಾತು ಮಾಸ್ತರ?" ಎಂದು ಅಧ್ಯಕ್ಷರು ಕೇಳಿದರು. ಕೇಳಿದ್ದು ನನ್ನನ್ನು. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು —

"ದುರುಗಪ್ಪನ ಕೈ ಕೆಟ್ಟೈತಿ," ಎಂದೆ.

ಅವರು ಬಾಗಿಲ ಬಳಿಯೇ ನಿಂತಿದ್ದರು. ಎದುರು ಮಾತಾಡುತ್ತಾರೆ ಎಂದುಕೊಂಡೆ. ನನ್ನ ಮುಖ ನೋಡಿದರು, ಚಪ್ಪಲಿ ಮೆಟ್ಟಿ ಹೊರಟರು. ಮರುವಾರ ಹಿರೇಹಡಗಲಿಯಿಂದ ಇಬ್ಬರು ಹಿರಿಯರು ಬಂದರು. ತಮ್ಮೂರ ಹಳೆಯ ಚಾವಡಿಯ ಕೆಲಸವನ್ನು ದುರುಗಪ್ಪನವರಿಗೆ ಕೊಡಬಹುದೇ ಎಂದು ವಿಚಾರಿಸಿದರು. ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಎಷ್ಟು ಸುಲಭ! ಆಮೇಲೆ ಯಾರೂ ಅವರನ್ನು ಗಾರೆ ಕೆಲಸಕ್ಕೆ ಕರೆಯಲಿಲ್ಲ. ಅಷ್ಟು ಬಲ್ಲ ಮನುಷ್ಯ ಕಾಂಕ್ರೀಟಿನ ಬುಟ್ಟಿ ಹೊರಲು ಹೋದರು.

ಕಳೆದ ತಿಂಗಳ ಕೊನೆಯ ಭಾನುವಾರದ ನಡಿಗೆಗೆ ಒಬ್ಬ ಹೆಣ್ಣುಮಗಳು ಬಂದಿದ್ದರು. ಉತ್ತರದ ಗೋಡೆಯ ಮುಂದೆ ನನ್ನ ಮಾಮೂಲಿ ಮಾತು ಹೇಳಿ, "ಇಂಥ ಗಾರಿ ಗೌಂಡಿ ಸಿಕ್ರ ಮನಿ ಹೋಗ್ಲಿ ಬಿಡ್ರಿ, ನಿಮ್ಮ ಬೇಲಿನೂ ನಿಲ್ಲಂಗಿಲ್ಲ," ಎಂದು ಸೇರಿಸಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಪಾಠ ಮುಗಿದ ಮೇಲೆ ಹತ್ತಿರ ಬಂದರು.

"ಸರ, ನಾ ನಾಗರತ್ನ, ದುರುಗಪ್ಪನ ಮಗಳು. ತಾಲ್ಲೂಕು ಆಫೀಸಿನ್ಯಾಗ ಅದೀನಿ. ಬೆಲ್ಲದ ನೀರು, ಅಳಲೆಕಾಯಿ, ಸುಣ್ಣ ಎಷ್ಟು ದಿನ ನೀರಾಗ ಕೊಳಿಬೇಕು — ಎಲ್ಲಾ ನಮ್ಮಪ್ಪನ ಮಾತ ಹೇಳಿದ್ರಿ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಕೇಳಿ ಖುಷಿ ಆತು. ಅದಕ್ಕಿಂತ ಮೊದ್ಲು ಎಲ್ಲಾರೂ ಕೂಡಿ ನಕ್ರಲ್ಲ, ಅದೂ ನಮ್ಮಪ್ಪಗ."

ಅಷ್ಟು ಹೇಳಿ ನಮಸ್ಕಾರ ಮಾಡಿ ಹೋದರು.

ಮರುದಿನ ಸಂಜೆ ಅವರ ಮನೆಗೆ ಹೋದೆ. ದುರುಗಪ್ಪನವರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ತಪ್ಪಾಯಿತು ಎಂದೆ. ಇನ್ನು ಮುಂದೆ ಗಾರೆಯ ಪಾಠವನ್ನು ನೀವೇ ಮಾಡಬೇಕು, ನಾನು ಕೆಳಗೆ ಕೂತು ಕೇಳುತ್ತೇನೆ ಎಂದೆ. ದೊಡ್ಡ ಮನಸ್ಸು ತೋರಿಸಿದೆನೆಂಬ ಸಣ್ಣ ಹೆಮ್ಮೆ ಆಗಲೂ — ಹೌದು, ಆಗಲೂ ಇತ್ತು.

"ಯಾವ ದುರುಗಪ್ಪ ಬರ್ಬೇಕ್ರಿ? ಕೈ ಕೆಟ್ಟಾವನಾ?" ಎಂದರು. "ಮನಿಗೆ ಬಂದು ನನ್ನ ಮುಂದ ಹೇಳಿದ್ರ ಏನಾತು? ನಂಗ ಮೊದ್ಲೇ ಗೊತ್ತೈತಿ. ನೀವು ಸುಳ್ಳು ಅಂದ ಜಾಗದಾಗ ಹೇಳ್ರಿ. ಪಾಠದ್ದು ಆಮ್ಯಾಲೆ ನೋಡೋಣ."

ಇದನ್ನು ಬರೆದದ್ದು ಅದಕ್ಕೆ. ನಡಿಗೆಗೆ ಬಂದವರಿಗೆಲ್ಲ ಇದರ ಪ್ರತಿ ಕಳಿಸುತ್ತಿದ್ದೇನೆ. ಸೋಮವಾರ ಮೊದಲ ಬಸ್ಸಿಗೆ ಹಿರೇಹಡಗಲಿಗೆ ಹೋಗಿ ಆ ಹಿರಿಯರ ಮನೆಯಲ್ಲೂ ಹೇಳಿಬರುತ್ತೇನೆ. ಚಾವಡಿಯನ್ನು ಕೆಡವಿ ಸ್ಲ್ಯಾಬ್ ಹಾಕಿದ್ದಾರಂತೆ. ಆದರೂ ಹೋಗುತ್ತೇನೆ.

ಅದಕ್ಕೂ ಮೊದಲು ಈ ಭಾನುವಾರವಿದೆ. ದುರುಗಪ್ಪನವರು ಬರುತ್ತಾರೋ ಇಲ್ಲವೋ, ನಾನು ಕೇಳಿಲ್ಲ. ಅವರು ಬರಲಿ, ಬಾರದಿರಲಿ, ನಿಮ್ಮೆಲ್ಲರನ್ನೂ ಛತ್ರದ ಸುತ್ತ ಕರೆದುಕೊಂಡು ಹೋಗುತ್ತೇನೆ. ಪೂರ್ವದ ಗೋಡೆಯ ಮುಂದೆ, ದಕ್ಷಿಣದ ಗೋಡೆಯ ಮುಂದೆ, ಪಶ್ಚಿಮದ ಗೋಡೆಯ ಮುಂದೆ ನಿಂತು, ಇದನ್ನು ಮಾಡಿದವರು ದುರುಗಪ್ಪನವರು ಎನ್ನುತ್ತೇನೆ. ನಾಲ್ಕನೆಯದರ ಮುಂದೆ ನಿಂತು, ಇದು ನನ್ನದು ಎನ್ನುತ್ತೇನೆ.