ಹಳೇ ಹಿಟ್ಟು

ಮೊನ್ನೆ ಗಂಗಾವತಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿಯ ಅಂಚು ಸೀದ ವಾಸನೆ ಬಂತು. ಬಡಿಯುತ್ತಿದ್ದ ಹೆಣ್ಣುಮಗಳು, "ಹಿಟ್ಟು ಹಳೇದೈತ್ರಿ ಯಜ್ಜಾ, ಜಿಗಿ ಇಲ್ಲ, ರೊಟ್ಟಿ ಹರಿಯಾಕತ್ತಾವ" ಅಂದಳು. ನನ್ನ ತಟ್ಟೆಗೆ ಬಿದ್ದ ರೊಟ್ಟಿಯೂ ಹರಿದು ಎರಡು ಚೂರಾಗಿತ್ತು...

ನಮ್ಮೂರು ಮರಳಿಯಲ್ಲಿ ಪಕ್ಕದ ಮನೆಗೆ, ಜೋಳದ ಸೀಮೆಯಾದ ಕುಷ್ಟಗಿ ಕಡೆಯಿಂದ ಸೊಸೆಯಾಗಿ ಬಂದವಳು ದೊಡ್ಡವ್ವ. ನಾವು ಕಾಲುವೆ ನೀರಿನ ಭತ್ತದವರು. ನಮ್ಮ ಹೆಂಗಸರಿಗೆ ರೊಟ್ಟಿ ಅಷ್ಟಕ್ಕಷ್ಟೇ. ಯಾರ ಮನೆಗೆ ಬೀಗರು ಬಂದರೂ ರೊಟ್ಟಿಗೆ ದೊಡ್ಡವ್ವನಿಗೇ ಕರೆ. ಗಂಡ, ಮಕ್ಕಳು ಇಲ್ಲದ ಅವಳಿಗೆ ಆ ಕರೆಯೇ ದೊಡ್ಡ ಮರ್ಯಾದೆ.

ನಾನೂ ಕಡಿಮೆಯವನಲ್ಲ. ಸುತ್ತ ನಾಲ್ಕೂರಲ್ಲಿ ನನ್ನಂಥ ಕಿತಾಪತಿಯವನು ಇರಲಿಲ್ಲ. ಮದುಮಗನ ಎಲೆಅಡಿಕೆಯಲ್ಲಿ ಹಸಿಮೆಣಸಿನಕಾಯಿ ಮಡಚಿಟ್ಟವನು ನಾನೇ. ಹೇಳಿಕೊಳ್ಳಲು ಈಗಲೂ ಖುಷಿ. ಇದೊಂದು ಮಾತ್ರ...

ತಂಗಿಯ ನಿಶ್ಚಯಕ್ಕೆ ಕುಷ್ಟಗಿಯ ಬೀಗರು ಬಂದಿದ್ದರು. ಅವ್ವ ಹೊಸದಾಗಿ ಬೀಸಿಸಿದ್ದ ಹಿಟ್ಟನ್ನು ಬಚ್ಚಿಟ್ಟು, ಎಮ್ಮೆಗೆಂದು ತೆಗೆದಿಟ್ಟಿದ್ದ ಹಳೇ ಹಿಟ್ಟನ್ನು ಡಬ್ಬಿಗೆ ತುಂಬಿದೆ. ಒಂದು ರೊಟ್ಟಿ ಹರಿಯಲಿ, ನಕ್ಕು ಹೊಸದನ್ನು ಕೊಟ್ಟರಾಯಿತು ಅಂದುಕೊಂಡಿದ್ದೆ.

ಮೊದಲನೆಯದು ಹರಿಯಿತು. ಎರಡನೆಯದೂ. ದೊಡ್ಡವ್ವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ಮೂಸಿದಳು. ಅಷ್ಟರಲ್ಲಿ ಬೀಗಿತ್ತಿ ಅಡುಗೆಮನೆಯ ಬಾಗಿಲಿಗೆ ಬಂದು, "ಹಿಟ್ಟು ಎಂದಿಂದ್ರಿ?" ಅಂದಳು. ಬೀಗರಿಗೆ ಹಳೇ ಹಿಟ್ಟಿನ ರೊಟ್ಟಿ ಬಡಿಸಿದರೆಂದು ಗೊತ್ತಾದರೆ ಸಂಬಂಧ ನಿಲ್ಲುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಒಲೆಯ ಕಟ್ಟಿಗೆ ಸರಿಸತೊಡಗಿದೆ.

"ಹಿಟ್ಟು ನಿನ್ನೀದೈತ್ರಿ ಯವ್ವಾ," ಅಂದಳು ದೊಡ್ಡವ್ವ. "ನನ್ನ ಕೈಗೇ ವಯಸ್ಸಾತು." ಹಾಗೆನ್ನುತ್ತ ನನ್ನನ್ನೇ ನೋಡಿದಳು.

"ನಮ್ಮ ಕಡೀ ಹೆಣ್ಣಮಗಳಾಗಿ ಕೈ ಮರ್ತೀಯಲ್ಲ. ಕಾಲುವಿ ನೀರು ಹಂಗ ಬಿಡು," ಎಂದು ಬೀಗಿತ್ತಿ ನಕ್ಕಳು. ಎಲ್ಲರೂ ನಕ್ಕರು.

ನಿಶ್ಚಯವಾಯಿತು. ಆದರೆ ಮಾತು ಓಣಿ ತುಂಬ ಹರಡಿತು. ಮುಂದಿನ ಬೀಗರೂಟಕ್ಕೆ ಪಕ್ಕದ ಓಣಿಯವರು ಗಂಗಾವತಿಯಿಂದ ರೊಟ್ಟಿ ತರಿಸಿದರು. ಆಮೇಲೆ ಎಲ್ಲರೂ ಹಾಗೇ ಮಾಡಿದರು. ದೊಡ್ಡವ್ವ ತನ್ನ ಕಟ್ಟೆಯ ಮೇಲೆ ಕೂತು, ಹೋಗಿ ಬರುವ ಬೀಗರನ್ನು ನೋಡುತ್ತಿದ್ದಳು...

ಒಮ್ಮೆ ತಡೆಯಲಾರದೆ, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎನ್ನಲು ಅವಳ ಬಳಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಕೇಳಿದಳು:

"ತಂಗಿ ಛಲೋ ಅದಾಳೇನಪಾ?"

"ಛಲೋ ಅದಾಳ."

"ಹಂಗಾರ ಬಾಯಿ ಮುಚ್ಕೊಂಡಿರು."

ಮುಚ್ಚಿಕೊಂಡೇ ಇದ್ದೆ. ಅವಳು ಹೋಗಿ ಎಷ್ಟೋ ವರ್ಷಗಳಾದವು. ತಂಗಿ ಈಗಲೂ ಮೊಮ್ಮಕ್ಕಳಿಗೆ ದೊಡ್ಡವ್ವನ ಕೈ ಸೋತ ಕಥೆ ಹೇಳಿ ನಗುತ್ತಾಳೆ.

ಖಾನಾವಳಿಯ ಹೆಣ್ಣುಮಗಳು, "ಬ್ಯಾರೆ ರೊಟ್ಟಿ ಹಾಕ್ಲೇನ್ರಿ?" ಅಂದಳು. ಬೇಡವೆಂದೆ. ಹರಿದದ್ದರ ಎರಡೂ ಚೂರುಗಳನ್ನು ಜೋಡಿಸಿ ನೋಡುತ್ತ ಬಹಳ ಹೊತ್ತು ಕೂತಿದ್ದೆ.